ಜಾಯ್ಸ್‌ನ ಮರ್ಫಿ: ಬುರುಡೆ ಬಿಡುವ ನಾವಿಕನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಮರ್ಫಿ?

ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ (1922) ಕಾದಂಬರಿಯ ಹದಿನಾರನೆಯ ಅಧ್ಯಾಯದಲ್ಲಿ ಕಾಣಿಸಿಕೊಂಡು ಅಲ್ಲೇ ಮುಗಿದುಹೋಗುವ ನಾವಿಕ. ಕೆಂಪು ಗಡ್ಡ, ಬಾಯಲ್ಲಿ ಹೊಗೆಸೊಪ್ಪಿನ ಉಂಡೆ, ಎರಡು ಜೇಬಿನಲ್ಲಿ ಎರಡು ರಮ್ ಶೀಸೆ. 1904ರ ಜೂನ್ 16 ಕಳೆದು, ನಡುರಾತ್ರಿ ದಾಟಿ ಒಂದು ಗಂಟೆಯ ಸುಮಾರು. ಡಬ್ಲಿನ್‌ನ ಬಟ್ ಸೇತುವೆಯ ಹತ್ತಿರ, ಕುದುರೆಗಾಡಿ ಹೊಡೆಯುವವರು ಕೂತು ಸುಧಾರಿಸಿಕೊಳ್ಳಲೆಂದು ಇರುವ ಒಂದು ಪುಟ್ಟ ತಂಗುಮನೆ. ಕಾಫಿ ಎಂಬ ಹೆಸರಿನಲ್ಲಿ ಏನನ್ನೋ ಕೊಡುತ್ತಾರೆ, ಜೊತೆಗೊಂದು ಹಳಸಲು ಬನ್ನು. ಜಾಹೀರಾತು ಹಿಡಿಯುವ ಕೆಲಸದ ಲಿಯೊಪೋಲ್ಡ್ ಬ್ಲೂಮ್, ಕುಡಿದು ಸುಸ್ತಾದ ತರುಣ ಸ್ಟೀಫನ್ ಡೆಡಲಸ್‌ನನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾನೆ. ಇವರಿಬ್ಬರು ಕೂತದ್ದೇ ತಡ, ಮರ್ಫಿ ಸ್ಟೀಫನ್‌ನತ್ತ ತಿರುಗಿ ನಿನ್ನ ಹೆಸರೇನು ಎಂದು ಕೇಳುತ್ತಾನೆ. ಆಮೇಲೆ ಅವನ ಬಾಯಿ ನಿಲ್ಲುವುದಿಲ್ಲ.

ಅವನು ಹೇಳುವ ಕಥೆಗಳು ಯಾವುವು?

ಕೆಂಪು ಸಮುದ್ರ ಕಂಡಿದ್ದಾನಂತೆ. ಚೀನಾ, ಎರಡೂ ಅಮೆರಿಕ, ಸ್ಟಾಕ್‌ಹೋಮ್, ಕಪ್ಪು ಸಮುದ್ರ, ರಷ್ಯಾ, ಎಲ್ಲ ಸುತ್ತಿದ್ದಾನಂತೆ. ಕಡಲ್ಗಳ್ಳರು ಅಟ್ಟಿಸಿಕೊಂಡು ಬಂದಿದ್ದರಂತೆ. ಮೊಸಳೆಯೊಂದು ಲಂಗರಿನ ಕೊಕ್ಕೆಯನ್ನೇ ಕಚ್ಚಿದ್ದನ್ನು ನೋಡಿದ್ದಾನಂತೆ. ಹೇಗೆ ಕಚ್ಚಿತೆಂದು ತೋರಿಸಲು ಬಾಯಲ್ಲಿದ್ದ ಹೊಗೆಸೊಪ್ಪನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಕಚ್ಚುತ್ತಾನೆ. ಪೆರುವಿನಲ್ಲಿ ಹೆಣಗಳನ್ನೂ ಕುದುರೆಯ ಈಲಿಯನ್ನೂ ತಿನ್ನುವ ಜನ. ಟ್ರಿಯೆಸ್ಟ್ ಬಂದರಿನಲ್ಲಿ ಇಟಲಿಯವನೊಬ್ಬ ಇನ್ನೊಬ್ಬನ ಬೆನ್ನಿಗೆ ಹಿಡಿಯವರೆಗೂ ಚೂರಿ ಇಳಿಸಿದ್ದು. ನೀರಿಗೆ ಹಾಕಿದರೆ ಅರಳಿ ಒಂದು ಹಡಗಾಗಿ, ಒಂದು ಮನೆಯಾಗಿ, ಒಂದು ಹೂವಾಗಿ ನಿಲ್ಲುವ ಚೀನೀ ಗುಳಿಗೆಗಳು.

ಇಲ್ಲಿ ‘ಅಂತೆ’ ಎಂಬುದನ್ನು ನಾನು ಸೇರಿಸಿದೆ. ಅವನ ಬಾಯಲ್ಲಿ ಅಂತೆಯೂ ಇಲ್ಲ, ಕಂತೆಯೂ ಇಲ್ಲ. ಹೆಚ್ಚಿನವು ‘ನಾ ಕಂಡೆ’ ಎಂದೇ ಶುರುವಾಗುತ್ತವೆ.

ಟ್ರಿಯೆಸ್ಟ್‌ನ ಕೊಲೆಗೆ ಒಂದು ಅಡ್ಡಪರಿಣಾಮವೂ ಇದೆ. ಚೂರಿಯ ಮಾತು ಬಂದೊಡನೆ ಯಾರೋ 1882ರ ಫೀನಿಕ್ಸ್ ಪಾರ್ಕ್ ಕೊಲೆಗಳನ್ನು (ಡಬ್ಲಿನ್‌ನಲ್ಲಿ ಬ್ರಿಟಿಷ್ ಸರ್ಕಾರದ ಇಬ್ಬರು ಅಧಿಕಾರಿಗಳನ್ನು ಇರಿದು ಕೊಂದದ್ದು) ಎತ್ತುತ್ತಾರೆ: ಚೂರಿ ಬಳಸಿದ್ದರಿಂದಲೇ ಅದು ಪರದೇಶಿಗಳ ಕೆಲಸ ಎಂದುಕೊಂಡರು ಎಂದು. ಈ ತಂಗುಮನೆ ನಡೆಸುವವನೋ, ಅದೇ ಕೊಲೆ ಪ್ರಕರಣದಲ್ಲಿ ಗಾಡಿ ಹೊಡೆದು ಜೈಲು ಕಂಡ ‘ಸ್ಕಿನ್-ದ-ಗೋಟ್’ ಫಿಟ್ಜ್‌ಹ್ಯಾರಿಸ್ ಎಂದು ಊರೆಲ್ಲ ಗುಸುಗುಸು. ಬ್ಲೂಮ್ ಮತ್ತು ಸ್ಟೀಫನ್ ಮುಖ ಮುಖ ನೋಡಿಕೊಳ್ಳುತ್ತಾರೆ. ಅವನು ನಿಜವಾಗಿ ಆ ಫಿಟ್ಜ್‌ಹ್ಯಾರಿಸ್ಸೇ? ಕಾದಂಬರಿ ಕೊನೆವರೆಗೂ ‘ಹಾಗಂತ ಹೇಳುತ್ತಾರೆ’ ಎನ್ನುವುದನ್ನು ಬಿಡುವುದಿಲ್ಲ.

ಪೋಸ್ಟ್‌ಕಾರ್ಡಿನಲ್ಲಿ ಸಿಕ್ಕಿಬೀಳುತ್ತಾನಂತಲ್ಲ, ಹೇಗೆ?

ಪೆರುವಿನ ನರಭಕ್ಷಕರಿಗೆ ಪುರಾವೆಯಾಗಿ ಮರ್ಫಿ ಜೇಬಿನಿಂದ ಒಂದು ಚಿತ್ರದ ಕಾರ್ಡು ತೆಗೆಯುತ್ತಾನೆ. ಗುಡಿಸಲುಗಳ ಮುಂದೆ ಕೂತ ಆದಿವಾಸಿ ಹೆಂಗಸರು, ಸುತ್ತ ಮಕ್ಕಳು. ಗಾಡಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಬ್ಲೂಮ್ ನೋಡುವುದು ಚಿತ್ರವನ್ನಲ್ಲ, ಅಕ್ಷರಗಳನ್ನು. ಅಲ್ಲಿ ಅಚ್ಚಾಗಿರುವುದು ಪೆರು ಅಲ್ಲ, ಬೆನಿ, ಬೊಲಿವಿಯಾ. ಸದ್ದಿಲ್ಲದೆ ಕಾರ್ಡು ತಿರುಗಿಸಿದರೆ ವಿಳಾಸ ಚಿಲಿ ದೇಶದ ಸಾಂಟಿಯಾಗೊದ್ದು, ಹೆಸರು ಸೆನ್ಯೋರ್ ಎ. ಬೂದಾಂ. ಒಕ್ಕಣೆ ಒಂದು ಅಕ್ಷರವೂ ಇಲ್ಲ.

ಒಂದೇ ಕಾರ್ಡು, ಮೂರು ದೇಶ, ಎರಡು ಹೆಸರು. ಇಷ್ಟಾದ ಮೇಲೆ ಬ್ಲೂಮ್‌ಗೆ ಇವನ ಯಾವ ಮಾತೂ ರುಚಿಸುವುದಿಲ್ಲ. ಈ ಮನುಷ್ಯ ಮರ್ಫಿಯೇ ಹೌದೋ, ಇಲ್ಲ ಜೈಲಿನಿಂದ ಬಂದವನೋ ಎಂದು ಅನುಮಾನಿಸುತ್ತ ಹೋಗುತ್ತಾನೆ.

ಆದರೆ ಸ್ವಲ್ಪ ಯೋಚಿಸಿ. ಹಡಗಿನವನ ಜೇಬಿನಲ್ಲಿ ಇನ್ನೊಬ್ಬನ ಹೆಸರಿಗೆ ಬಂದ ಕಾರ್ಡು ಸೇರಿಕೊಳ್ಳಲು ನೂರು ದಾರಿಗಳಿವೆ. ಯಾರೋ ಕೊಟ್ಟಿರಬಹುದು, ಜೂಜಿನಲ್ಲಿ ಗೆದ್ದಿರಬಹುದು, ಬಂದರಿನ ಹೋಟೆಲಿನಲ್ಲಿ ಎತ್ತಿಕೊಂಡಿರಬಹುದು. ಬೆನಿ ಇರುವ ಬೊಲಿವಿಯಾ ಪೆರುವಿನ ನೆರೆಯ ದೇಶವೇ. ಕಾರ್ಡು ಸಾಬೀತು ಮಾಡುವುದು ಇಷ್ಟೇ: ಮರ್ಫಿ ತನ್ನ ಕಥೆಗೆ ಸಾಕ್ಷಿ ಹುಡುಕುವಾಗ ಸಾಕ್ಷಿಯ ಮೇಲೆ ಏನು ಬರೆದಿದೆ ಎಂದು ಓದಿಕೊಂಡಿಲ್ಲ.

ಹಾಗಾದರೆ ಅವನು ಹೇಳುವುದೆಲ್ಲ ಸುಳ್ಳೇ?

ಅಲ್ಲ. ಹೆಚ್ಚಿನ ಓದುಗರು ಬ್ಲೂಮ್‌ನ ಪಕ್ಕ ಕೂತು ನಕ್ಕು ಮುಂದಿನ ಪುಟಕ್ಕೆ ಹೋಗಿಬಿಡುವುದು ಇಲ್ಲೇ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಬ್ರಿಜ್‌ವಾಟರ್‌ನಿಂದ ಇಟ್ಟಿಗೆ ಹೊತ್ತ ‘ರೋಸ್‌ವೀನ್’ ಎಂಬ ಮೂರು ಪಟಕಂಬದ ಹಡಗಿನಲ್ಲಿ ಬಂದಿಳಿದೆ ಎನ್ನುತ್ತಾನೆ ಮರ್ಫಿ. ಈಗ ಪುಟಗಳನ್ನು ಹಿಂದಕ್ಕೆ ತಿರುವಿ. ಮೂರನೆಯ ಅಧ್ಯಾಯದ ಕೊನೆಯ ಸಾಲುಗಳಲ್ಲಿ, ಸ್ಯಾಂಡಿಮೌಂಟ್ ಕಡಲತೀರದಲ್ಲಿ ನಿಂತ ಸ್ಟೀಫನ್ ಹಿಂತಿರುಗಿ ನೋಡುತ್ತಾನೆ: ಮೂರು ಪಟಕಂಬದ ಹಡಗೊಂದು ಪಟ ಮಡಚಿಕೊಂಡು, ಮಾತಿಲ್ಲದೆ, ಹೊಳೆಯ ಮೇಲ್ಮುಖವಾಗಿ ಬಂದರಿನತ್ತ ಸಾಗುತ್ತಿದೆ. ಸಮಯ ಹನ್ನೊಂದರ ಆಸುಪಾಸು. ಹತ್ತನೆಯ ಅಧ್ಯಾಯದಲ್ಲಿ, ಬ್ಲೂಮ್ ನದಿಗೆ ಎಸೆದ ಕರಪತ್ರ ಲಿಫಿಯಲ್ಲಿ ತೇಲುತ್ತ ಹೋಗಿ ಒಂದು ಹಡಗಿನ ಪಕ್ಕ ಹಾಯುತ್ತದೆ. ಆ ಹಡಗಿನ ಹೆಸರು ರೋಸ್‌ವೀನ್. ಬಂದದ್ದು ಬ್ರಿಜ್‌ವಾಟರ್‌ನಿಂದ. ಹೊತ್ತದ್ದು ಇಟ್ಟಿಗೆ.

ಅಂದರೆ ಹದಿಮೂರು ಅಧ್ಯಾಯ ಮೊದಲೇ ಜಾಯ್ಸ್ ಈ ಮನುಷ್ಯನ ಪರವಾಗಿ ಸಾಕ್ಷಿ ನುಡಿಸಿಟ್ಟಿದ್ದಾನೆ. ಆ ಸಾಕ್ಷಿಯನ್ನು ಕಣ್ಣಾರೆ ಕಂಡ ಸ್ಟೀಫನ್ ಅದೇ ಮೇಜಿನಲ್ಲಿ ಕೂತಿದ್ದಾನೆ. ಅವನಿಗೆ ಅದರ ನೆನಪೂ ಆಗುವುದಿಲ್ಲ.

ಉಳಿದ ಚೂರುಪಾರುಗಳನ್ನೂ ತೂಗಿ ನೋಡಿ. ತಾನು ಕ್ಯಾರಿಗಲೋದವನು ಎನ್ನುತ್ತಾನೆ, ಫೋರ್ಟ್ ಕ್ಯಾಮ್ಡನ್ ಮತ್ತು ಫೋರ್ಟ್ ಕಾರ್ಲೈಲ್ ಹೆಸರು ಹೇಳುತ್ತಾನೆ. ಕ್ಯಾರಿಗಲೋ ಇರುವುದು ಕಾರ್ಕ್ ಬಂದರಿನಲ್ಲಿ. ಆ ಎರಡು ಕೋಟೆಗಳು ಅದೇ ಬಂದರಿನ ಬಾಯಲ್ಲಿ ಎದುರುಬದುರು ನಿಂತಿವೆ. ರಷ್ಯನ್ನರು ಹೀಗೆ ಪ್ರಾರ್ಥಿಸುತ್ತಾರೆಂದು ‘ಗಾಸ್ಪೊದಿ ಪೊಮಿಲುಯ್’ ಎನ್ನುತ್ತಾನೆ. ರಷ್ಯದ ಚರ್ಚುಗಳಲ್ಲಿ ‘ದೇವರೇ ಕರುಣಿಸು’ ಎನ್ನುವುದು ಹಾಗೆಯೇ. ಪರೀಕ್ಷೆಗೆ ಸಿಗುವ ಕಡೆ ಅವನು ಹಲವು ಸಲ ಪಾಸಾಗುತ್ತಾನೆ. ಪರೀಕ್ಷೆಗೆ ಸಿಗದ ಕಡೆ ನಾವು ಅವನನ್ನು ಫೇಲು ಮಾಡುತ್ತೇವೆ.

ಒಂದು ತಕರಾರಂತೂ ಇದ್ದೇ ಇದೆ. ಇಂಗ್ಲೆಂಡಿನ ಸಾಮರ್ಸೆಟ್‌ನ ಬ್ರಿಜ್‌ವಾಟರ್‌ನಿಂದ ಡಬ್ಲಿನ್‌ಗೆ ಇಟ್ಟಿಗೆ ತರುವುದು ಕರಾವಳಿ ಓಡಾಟದ ಕೆಲಸ. ಏಳು ವರ್ಷ ಲೋಕ ಸುತ್ತಿ ಹೆಂಡತಿಯ ಮುಖ ಕಾಣದವನು ಇಟ್ಟಿಗೆ ದೋಣಿಯಲ್ಲಿ ಏನು ಮಾಡುತ್ತಿದ್ದ? ಕಾದಂಬರಿ ಉತ್ತರಿಸುವುದಿಲ್ಲ.

ಅವನ ಹೆಸರಾದರೂ ನಿಜವೇ?

ಮರ್ಫಿ ಐರ್ಲೆಂಡಿನಲ್ಲಿ ಅತಿ ಸಾಮಾನ್ಯವಾದ ಕುಲನಾಮ. ಮರ್ಫಿ ಬಾಯಿ ತೆರೆಯುವ ಸ್ವಲ್ಪ ಮೊದಲು ಹೆಸರುಗಳೇ ಮೋಸ ಎಂದು ಸ್ಟೀಫನ್ ಬ್ಲೂಮ್‌ಗೆ ಹೇಳುತ್ತಿರುತ್ತಾನೆ. ಶೇಕ್ಸ್‌ಪಿಯರ್‌ಗಳು ಮರ್ಫಿಗಳಷ್ಟೇ ಸಾಮಾನ್ಯ ಎಂದೂ ಅನ್ನುತ್ತಾನೆ. ಪಕ್ಕದ ಮೇಜಿನವರ ಮಾತಿಗೆ ಕಿವಿ ಕೊಟ್ಟು ಕೂತ ನಾವಿಕ ಆ ಹೆಸರನ್ನು ಅಲ್ಲಿಂದಲೇ ಎತ್ತಿಕೊಂಡನೇ? ಓದುತ್ತಿದ್ದಂತೆ ಏಳುವ ಗುಮಾನಿ ಇದು, ಏಳಬೇಕಾದದ್ದೇ. ಆದರೆ ಕೊಳಕಾದ, ಮಡಚಿಟ್ಟ, ಹಡಗಿನ ಕೆಲಸದಿಂದ ಬಿಡುಗಡೆಯಾದ ಪತ್ರವನ್ನೂ ಅವನು ಅಕ್ಕಪಕ್ಕದವರಿಗೆ ತೋರಿಸುತ್ತಾನೆ, ಅದರಲ್ಲಿ ಅವನ ಹೆಸರಿದೆ ಎನ್ನುತ್ತ. ಪತ್ರ ಅವನದೇ ಎಂದು ಯಾರು ಹೇಳಬೇಕು?

ಇನ್ನೂ ಒಂದು ತಮಾಷೆ. 1922ರ ಪಾಠದಲ್ಲಿ ಅವನು ಡಬ್ಲ್ಯು. ಬಿ. ಮರ್ಫಿ. ಹಸ್ತಪ್ರತಿಗಳನ್ನು ಹೋಲಿಸಿ 1984ರಲ್ಲಿ ತಂದ ಗಾಬ್ಲರ್ ಆವೃತ್ತಿಯಲ್ಲಿ ಡಿ. ಬಿ. ಮರ್ಫಿ. ನಿಮ್ಮ ಕೈಯಲ್ಲಿರುವ ಪ್ರತಿಗೂ ಸ್ನೇಹಿತರ ಪ್ರತಿಗೂ ಇನಿಶಿಯಲ್ ಬೇರೆ ಇದ್ದರೆ ಗಾಬರಿಯಾಗಬೇಡಿ.

ಸ್ಟೀಫನ್‌ನ ತಂದೆಯನ್ನು ಸರ್ಕಸ್ಸಿಗೆ ಸೇರಿಸುವುದು ಯಾಕೆ?

ಡೆಡಲಸ್ ಎಂಬ ಹೆಸರು ಕೇಳಿದ ಕೂಡಲೇ ‘ಸೈಮನ್ ಡೆಡಲಸ್ ಗೊತ್ತೇ?’ ಎನ್ನುತ್ತಾನೆ ಮರ್ಫಿ. ಸೈಮನ್ ಎಂದರೆ ಸ್ಟೀಫನ್‌ನ ಅಪ್ಪ: ಹಾಡುಗಾರ, ಕುಡುಕ, ಡಬ್ಲಿನ್‌ನಲ್ಲಿ ಬೇರೂರಿದ ಮನುಷ್ಯ. ಮರ್ಫಿಯ ಸೈಮನ್ ಸ್ಟಾಕ್‌ಹೋಮ್‌ನಲ್ಲಿ ಹೆಂಗ್ಲರ್ ಸರ್ಕಸ್ಸಿನಲ್ಲಿ ಐವತ್ತು ಗಜ ದೂರದ ಬಾಟಲಿಗಳ ಮೇಲಿಟ್ಟ ಎರಡು ಮೊಟ್ಟೆಗಳನ್ನು ಭುಜದ ಹಿಂದಿನಿಂದ, ಎಡಗೈಯಲ್ಲಿ ಹೊಡೆದುರುಳಿಸುತ್ತಾನೆ. ನಾವಿಕ ‘ಪಾಮ್!’ ಎಂದು ಕೂಗಿ ತೋರಿಸಿದ್ದೂ ಆಯಿತು.

ಗಮನಿಸಬೇಕಾದದ್ದು ಸ್ಟೀಫನ್‌ನ ಉತ್ತರ. ಅಪ್ಪನ ಹೆಸರು ಕೇಳಿ ‘ಆ ಹೆಸರು ಕೇಳಿದ್ದೇನೆ’ ಎಂದಷ್ಟೇ ಹೇಳುತ್ತಾನೆ. ಸುಳ್ಳುಗಾರ ಅವನಿಗೊಬ್ಬ ಭರ್ಜರಿ ಅಪ್ಪನನ್ನು ಕಟ್ಟಿಕೊಡುತ್ತಿದ್ದರೆ, ಮಗ ಇರುವ ಅಪ್ಪನನ್ನೇ ಅರ್ಧ ಅಳಿಸಿಹಾಕುತ್ತಾನೆ. ಇವರಿಬ್ಬರಲ್ಲಿ ಸತ್ಯಕ್ಕೆ ಹತ್ತಿರ ಇರುವವರು ಯಾರೆಂದು ನನಗೆ ಹೇಳಲಾಗದು.

ಮರ್ಫಿಗೂ ಒಬ್ಬ ಮಗನಿದ್ದಾನೆ, ಡ್ಯಾನಿ. ಕಾರ್ಕ್‌ನ ಬಟ್ಟೆ ಅಂಗಡಿಯ ನೌಕರಿ ಬಿಟ್ಟು ಕಡಲಿಗೆ ಓಡಿಹೋದ ಹುಡುಗ, ಹದಿನೆಂಟರ ಪ್ರಾಯ. ಗ್ರೀಕ್ ಕವಿ ಹೋಮರ್‌ನ ‘ಒಡಿಸ್ಸಿ’ಯಲ್ಲಿ ಅಪ್ಪ ಒಡಿಸ್ಯೂಸ್‌ನನ್ನು (ಯುಲಿಸಿಸ್ ಎಂಬುದು ಅವನದೇ ಲ್ಯಾಟಿನ್ ಹೆಸರು) ಹುಡುಕಿ ಹೊರಟ ಟೆಲಿಮಾಕಸ್‌ನ ನೆನಪಾಗದೆ ಇರದು.

ಜಿಬ್ರಾಲ್ಟರ್ ಪ್ರಶ್ನೆಗೆ ಮರ್ಫಿ ಉತ್ತರಿಸದೆ ಜಾರಿಕೊಳ್ಳುವುದು ಏಕೆ?

ಜಿಬ್ರಾಲ್ಟರ್ ಬಂಡೆ ನೋಡಿದ್ದೀರಾ ಎಂದು ಬ್ಲೂಮ್ ಕೇಳುತ್ತಾನೆ. ಇದು ಬಲೆ, ಬ್ಲೂಮ್‌ನ ಹೆಂಡತಿ ಮೊಲ್ಲಿ ಹುಟ್ಟಿ ಬೆಳೆದದ್ದು ಅಲ್ಲೇ. ಮರ್ಫಿ ಮುಖ ಕಿವಿಚಿ, ಈ ಬಂಡೆಗಳೂ ಸಾಕು, ಹಡಗುಗಳೂ ಸಾಕು, ಉಪ್ಪು ಹಾಕಿದ ಮಾಂಸ ತಿಂದೂ ತಿಂದೂ ಸಾಕಾಗಿದೆ ಎಂದುಬಿಡುತ್ತಾನೆ. ಸಿಕ್ಕಿಬಿದ್ದ ಎಂದು ಓದಬಹುದು. ನನಗೆ ಮಾತ್ರ ಆ ರಾತ್ರಿ ಅವನಾಡಿದ ಮಾತುಗಳಲ್ಲಿ ಎದೆಯಿಂದ ಬಂದದ್ದು ಇದೊಂದೇ ಅನ್ನಿಸುತ್ತದೆ.

ಎದೆಯ ಮೇಲಿನ ಹಚ್ಚೆ, 16 ಎಂಬ ಅಂಕಿ: ಅರ್ಥವೇನು?

ಅಂಗಿ ಬಿಚ್ಚಿ ತೋರಿಸುವ ಹಚ್ಚೆಯಲ್ಲಿ ಒಂದು ಲಂಗರು, 16 ಎಂಬ ಅಂಕಿ, ಒಬ್ಬ ತರುಣನ ಮುಖದ ಪಾರ್ಶ್ವ. ಆ ಮುಖ ಹಚ್ಚೆ ಹಾಕಿದವನದ್ದೇ: ಆಂಟೋನಿಯೊ, ಗ್ರೀಕ್. ಚರ್ಮ ಎಳೆದರೆ ಮುಖ ನಗುತ್ತದೆ, ಬಿಟ್ಟರೆ ಗಂಟಿಕ್ಕುತ್ತದೆ. ಆಂಟೋನಿಯೊನನ್ನು ಆಮೇಲೆ ಶಾರ್ಕ್‌ಗಳು ತಿಂದವಂತೆ. ಅಂಕಿ ಯಾಕೆ ಎಂದು ಒಬ್ಬ ಕೇಳುತ್ತಾನೆ. ಉತ್ತರವಿಲ್ಲ. ಜೂನ್ 16, ಹದಿನಾರನೆಯ ಅಧ್ಯಾಯ ಎಂದು ವಿಮರ್ಶಕರು ಎಣಿಸುತ್ತಲೇ ಇದ್ದಾರೆ, ಎಣಿಸಲಿ.

ನನಗೆ ಅಂಕಿಗಿಂತ ಮುಖ ದೊಡ್ಡದು. ‘ಒಡಿಸ್ಸಿ’ಯಲ್ಲಿ ವೇಷ ಮರೆಸಿಕೊಂಡು ಬಂದ ಒಡಿಸ್ಯೂಸ್‌ನನ್ನು ಮುದಿ ದಾದಿ ಯೂರಿಕ್ಲಿಯಾ ಗುರುತಿಸುವುದು ತೊಡೆಯ ಮೇಲಿನ ಹಳೆಯ ಗಾಯದಿಂದ. ದೇಹದ ಗುರುತೇ ಇವನು ಇಂಥವನು ಎಂದು ಸಾರುತ್ತದೆ. ಮರ್ಫಿಯ ಮೈಮೇಲಿನ ಗುರುತು ಸಾರುವುದು ಇನ್ನೊಬ್ಬನನ್ನು.

ಹೋಮರ್‌ಗೂ ಈ ಅಧ್ಯಾಯಕ್ಕೂ ಸಂಬಂಧವೇನು?

ಅಧ್ಯಾಯಕ್ಕೆ ‘ಯೂಮಿಯಸ್’ ಎಂಬ ಹೆಸರು ರೂಢಿಯಲ್ಲಿದೆ. ಯೂಮಿಯಸ್ ಹಂದಿ ಕಾಯುವವನು. ‘ಒಡಿಸ್ಸಿ’ಯ ಹದಿನಾಲ್ಕನೆಯ ಸರ್ಗದಲ್ಲಿ ಒಡಿಸ್ಯೂಸ್ ಭಿಕ್ಷುಕನಾಗಿ ಇವನ ಗುಡಿಸಲಿಗೆ ಬಂದು, ತಾನು ಕ್ರೀಟ್ ದ್ವೀಪದವನೆಂದು ಉದ್ದನೆಯ ಕಟ್ಟುಕಥೆ ಹೇಳುತ್ತಾನೆ. ಈಜಿಪ್ಟಿನಲ್ಲಿ ಏಳು ವರ್ಷ ಇದ್ದೆ ಎಂಬುದೂ ಅದರಲ್ಲಿದೆ. ನಿಜವಾಗಿ ಅವನು ಏಳು ವರ್ಷ ಕಳೆದದ್ದು ಕ್ಯಾಲಿಪ್ಸೊಳ ದ್ವೀಪದಲ್ಲಿ. ಸುಳ್ಳು ಹೇಳುವಾಗಲೂ ಆ ಏಳು ಬಿಟ್ಟುಹೋಗುವುದಿಲ್ಲ. ಮರ್ಫಿ ಹೆಂಡತಿಯನ್ನು ನೋಡದೆ ಇರುವುದೂ ಏಳು ವರ್ಷ.

ಅಲೆಮಾರಿಗಳು ಒಂದು ಊಟಕ್ಕೆ, ಒಂದು ಹೊದಿಕೆಗೆ ಒಡೆಯನ ಸುದ್ದಿ ಎಂದು ಸುಳ್ಳು ಪೋಣಿಸಿ ರಾಣಿಗೆ ಹೇಳುತ್ತಾರೆ ಎಂದು ಯೂಮಿಯಸ್‌ಗೆ ಚೆನ್ನಾಗಿ ಗೊತ್ತು. ಆದರೂ ಕ್ರೀಟ್ ಕಥೆಗೆ ಮರುಗುತ್ತಾನೆ. ನಂಬದೆ ಇರುವುದು ಒಂದನ್ನೇ: ಒಡಿಸ್ಯೂಸ್ ಬಂದೇ ಬರುತ್ತಾನೆ ಎಂಬುದನ್ನು. ಅಷ್ಟು ಹೊತ್ತಿನ ಮಾತಿನಲ್ಲಿ ನಿಜವಿದ್ದದ್ದು ಅದೊಂದೇ. ಜಾಯ್ಸ್ ಹೋಮರ್‌ನಿಂದ ತಂದದ್ದು ಕಥೆಗಿಂತ ಹೆಚ್ಚಾಗಿ ಈ ಎಡವಟ್ಟನ್ನು ಎಂದು ನನ್ನ ಅಂದಾಜು.

ಜಾಯ್ಸ್ ಗೆಳೆಯರಿಗಾಗಿ ಮಾಡಿಕೊಟ್ಟ ಕೋಷ್ಟಕಗಳಲ್ಲಿ ಮರ್ಫಿಯ ಎದುರು ‘ಸುಳ್ಳು ಸುದ್ದಿ ತರುವ ಯುಲಿಸಿಸ್’ ಎಂಬ ಅರ್ಥದ ಗ್ರೀಕ್ ಪದವಿದೆ. ಅದೇ ಹೆಸರಿನ, ಈಗ ಕಳೆದುಹೋಗಿರುವ ಒಂದು ನಾಟಕವನ್ನು ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ಹೆಸರಿಸುತ್ತಾನೆ. ಹೀಗಾಗಿ ಆ ರಾತ್ರಿ ತಂಗುಮನೆಯಲ್ಲಿ ಇಬ್ಬರು ಯುಲಿಸಿಸ್‌ಗಳು. ಲೋಕ ಸುತ್ತಿದೆ ಎನ್ನುವವನೊಬ್ಬ. ವೇಲ್ಸ್‌ನ ಹಾಲಿಹೆಡ್ ಬಂದರಿನವರೆಗೆ ಹೋದದ್ದೇ ತನ್ನ ಅತಿ ದೂರದ ಕಡಲಯಾನ ಎಂಬ ಬ್ಲೂಮ್ ಇನ್ನೊಬ್ಬ.

ಬ್ಲೂಮ್ ಅನುಮಾನಿಸುವುದರಿಂದ ನಾವೂ ಅನುಮಾನಿಸಬೇಕಲ್ಲವೇ?

ಬ್ಲೂಮ್‌ನನ್ನೇ ಮೊದಲು ಅನುಮಾನಿಸೋಣ. ನಾವಿಕನ ಕಥೆಗಳು ನಿಜವೆನ್ನುತ್ತೀರಾ ಎಂದು ಸ್ಟೀಫನ್‌ನ ಕಿವಿಯಲ್ಲಿ ಪಿಸುಗುಟ್ಟಿದ ಸ್ವಲ್ಪ ಹೊತ್ತಿಗೆ ಬ್ಲೂಮ್ ಹೇಳುತ್ತಾನೆ: ನನ್ನ ಹೆಂಡತಿ ಅರ್ಧ ಸ್ಪ್ಯಾನಿಷ್, ಬೇಕಿದ್ದರೆ ಸ್ಪೇನಿನ ಪೌರತ್ವವನ್ನೇ ಕೇಳಬಹುದು, ಹುಟ್ಟಿದ್ದು ತಾಂತ್ರಿಕವಾಗಿ ಸ್ಪೇನಿನಲ್ಲಿ, ಅಂದರೆ ಜಿಬ್ರಾಲ್ಟರ್‌ನಲ್ಲಿ. ಜಿಬ್ರಾಲ್ಟರ್ ಹದಿನೆಂಟನೆಯ ಶತಮಾನದಿಂದ ಬ್ರಿಟಿಷರದು. ಪೆರು ಎಂದು ಬೊಲಿವಿಯಾ ತೋರಿಸಿದವನಿಗಿಂತ ಇದೇನು ಭಾರೀ ಬೇರೆಯೇ? ಆಮೇಲೆ ಬ್ಲೂಮ್ ಜೇಬಿನಿಂದ ಹೆಂಡತಿಯ ಫೋಟೊ ತೆಗೆದು ಮೇಜಿನ ಮೇಲಿಡುತ್ತಾನೆ, ಮರ್ಫಿ ಪೋಸ್ಟ್‌ಕಾರ್ಡ್ ತೆಗೆದಂತೆಯೇ. ನಾವು ಅವನನ್ನು ನೋಡಿ ನಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಐರಿಷ್ ನಾಯಕ ಪಾರ್ನೆಲ್‌ನ ಟೋಪಿ ಕೆಳಗೆ ಬಿದ್ದಾಗ ಎತ್ತಿ ಕೊಟ್ಟದ್ದು ತಾನೇ ಎಂಬ ಪ್ರಸಂಗವೂ ಬ್ಲೂಮ್‌ಗೆ ಅಚ್ಚುಮೆಚ್ಚು. ಈ ಒಂದೇ ಅಧ್ಯಾಯದಲ್ಲಿ ಎರಡು ಸಲ ಬರುತ್ತದೆ, ಎರಡನೆಯ ಸಲ ಸ್ವಲ್ಪ ಮೆರುಗು ಹೆಚ್ಚು. ಅಷ್ಟರಲ್ಲಿ ಪಕ್ಕದ ಗಾಡಿಯವನೊಬ್ಬ ಪಾರ್ನೆಲ್ ಸತ್ತೇ ಇಲ್ಲ, ಶವಪೆಟ್ಟಿಗೆಯಲ್ಲಿ ತುಂಬಿದ್ದು ಕಲ್ಲು ಎನ್ನುತ್ತಾನೆ.

ಬಾಯಿಮಾತು ಬಿಡಿ, ಅಚ್ಚಾದದ್ದನ್ನಾದರೂ ನಂಬೋಣ ಎಂದರೆ ಅಲ್ಲಿ ‘ಈವನಿಂಗ್ ಟೆಲಿಗ್ರಾಫ್’ ಬಿದ್ದಿದೆ. ಆ ಬೆಳಿಗ್ಗೆ ನಡೆದ, ಬ್ಲೂಮ್‌ನ ಪರಿಚಿತ ಡಿಗ್ನಮ್‌ನ ಅಂತ್ಯಕ್ರಿಯೆಗೆ ಬಂದವರ ಪಟ್ಟಿಯಲ್ಲಿ ಬ್ಲೂಮ್ ‘ಎಲ್. ಬೂಮ್’ ಆಗಿದ್ದಾನೆ. ಅಲ್ಲಿಗೆ ಕಾಲಿಡದ ಸ್ಟೀಫನ್ ಹೆಸರು ಡಿಗ್ರಿ ಸಮೇತ ಇದೆ. ಬರದ ಮೆಕಾಯ್ ಎಂಬ ಇನ್ನೊಬ್ಬ ಪರಿಚಿತ ಕೂಡ ಇದ್ದಾನೆ. ಮ್ಯಾಕಿಂಟಾಷ್ ಕೋಟು ತೊಟ್ಟ ಅಪರಿಚಿತನೊಬ್ಬನ ಕೋಟಿನ ಹೆಸರೇ ಅವನ ಹೆಸರಾಗಿ ‘ಮೆಕಿಂಟಾಷ್’ ಎಂದು ಅಚ್ಚಾಗಿದೆ. ವರದಿಗಾರ ಯಾರಿಗೂ ಮೋಸ ಮಾಡಲು ಹೊರಟವನಲ್ಲ.

ಇಷ್ಟೆಲ್ಲ ಹೇಳುವ ನಿರೂಪಕನಾದರೂ? ಸವೆದ ನುಡಿಗಟ್ಟುಗಳನ್ನು ಒಂದರ ಮೇಲೊಂದು ಪೇರಿಸುವ, ವಾಕ್ಯದ ಮಧ್ಯೆ ದಾರಿ ತಪ್ಪುವ, ‘ಅವನು’ ಎಂದರೆ ಯಾರೆಂದು ತನಗೇ ಮರೆತುಹೋಗುವ, ನಿದ್ದೆಗೆಟ್ಟ ಗದ್ಯ ಅವನದು. ಬ್ಲೂಮ್ ಲೇಖಕನಾಗಿದ್ದರೆ ಹೀಗೆಯೇ ಬರೆಯುತ್ತಿದ್ದ ಎನ್ನುವವರಿದ್ದಾರೆ. ಗಾಡಿಯವರ ತಂಗುಮನೆಯಲ್ಲಿ ತನ್ನ ಅನುಭವಗಳನ್ನು ಬರೆದು, ಕಾಲಮ್ಮಿಗೆ ಒಂದು ಗಿನಿಯಂತೆ ಪತ್ರಿಕೆಗೆ ಮಾರಬಹುದೇ ಎಂದು ಬ್ಲೂಮ್ ಅಲ್ಲೇ ಕೂತು ಲೆಕ್ಕ ಹಾಕುತ್ತಾನೆ ಕೂಡ.

ಮರ್ಫಿ ಈ ಕಾದಂಬರಿಯ ಸುಳ್ಳುಗಾರ ಎನ್ನುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಅವನು ನಾವಿಕನಾದ್ದರಿಂದ ನಾವು ಮೊದಲೇ ಕಿವಿ ನಿಮಿರಿಸಿ ಕೂತಿರುತ್ತೇವೆ. ಆ ಹೊತ್ತಿಗೆ ಗೃಹಸ್ಥ ಬ್ಲೂಮ್, ಪತ್ರಿಕೆ, ನಿರೂಪಕ ಮೂವರೂ ಹಿಂಬಾಗಿಲಿನಿಂದ ಒಳಗೆ ಬಂದಿರುತ್ತಾರೆ.

ಕಾನ್ರಾಡ್‌ನ ಮಾರ್ಲೋ ಜೊತೆ ಹೋಲಿಸಬಹುದೇ?

ಸ್ವಲ್ಪ ಮಟ್ಟಿಗೆ. ಕಾದಂಬರಿಕಾರ ಜೋಸೆಫ್ ಕಾನ್ರಾಡ್‌ನ ನಾವಿಕ-ನಿರೂಪಕ ಮಾರ್ಲೋ ಕಥೆಯನ್ನೇ ಹೊತ್ತು ನಡೆಯುತ್ತಾನೆ; ಸುತ್ತ ಕೂತವರು ಗಂಟೆಗಟ್ಟಲೆ ಕೇಳುತ್ತಾರೆ. ಮರ್ಫಿಗೆ ಅಂಥ ಗೌರವ ಸಿಗುವುದಿಲ್ಲ. ನಡುವೆ ಒಬ್ಬ ಆಕಳಿಸುತ್ತಾನೆ, ಒಬ್ಬ ಮಾತು ತಿರುಗಿಸುತ್ತಾನೆ, ಅವನೇ ಎದ್ದು ಹೊರಗೆ ಹೋಗಿ ರಮ್ ಏರಿಸಿ, ಮೂತ್ರ ಮಾಡಿ ಬರುತ್ತಾನೆ. ಅವನ ನಿಜವಾದ ಹಿರಿಯಣ್ಣ ಸಿಂದಬಾದ್. ಕೆಂಪು ಸಮುದ್ರದ ಮರಳು ಕಣ್ಣಿಗೆ ಹೊಕ್ಕು ಹಾಳಾಯಿತೆಂದು ಹಸಿರು ಕನ್ನಡಕ ಏರಿಸುವಾಗ, ತನಗೆ ಮೆಚ್ಚಿನ ಪುಸ್ತಕ ‘ಅರೇಬಿಯನ್ ನೈಟ್ಸ್’ ಎಂದು ಮರ್ಫಿಯೇ ಒಪ್ಪಿಕೊಳ್ಳುತ್ತಾನೆ.

ಟ್ರಿಯೆಸ್ಟ್ ಯಾಕೆ ಬಂತು?

ಜಾಯ್ಸ್ 1905ರಿಂದ ಒಂದು ದಶಕ ಬಹುಪಾಲು ಅಲ್ಲೇ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ. ‘ಯುಲಿಸಿಸ್’ ಶುರುವಾದದ್ದೂ ಅಲ್ಲೇ.

ಇಡೀ ಪುಸ್ತಕ ಓದದೆ ಈ ಅಧ್ಯಾಯವನ್ನಷ್ಟೇ ಓದಬಹುದೇ?

ಓದಬಹುದು. ಹದಿನೈದನೆಯ ಅಧ್ಯಾಯದ ದುಃಸ್ವಪ್ನದಂಥ ನಾಟಕಕ್ಕೆ ಹೋಲಿಸಿದರೆ ಇದು ಸಲೀಸು. ಮೊದಲು ‘ಒಡಿಸ್ಸಿ’ಯ 13 ಮತ್ತು 14ನೆಯ ಸರ್ಗ, ಆಮೇಲೆ ‘ಯುಲಿಸಿಸ್’ನ ಮೂರನೆಯ ಅಧ್ಯಾಯದ ಕೊನೆಯ ಪುಟ, ಹತ್ತನೆಯ ಅಧ್ಯಾಯದಲ್ಲಿ ಕರಪತ್ರ ತೇಲುವ ಸಾಲುಗಳು, ಕೊನೆಗೆ ಹದಿನಾರು. ಹದಿಮೂರನೆಯ ಸರ್ಗವನ್ನು ಬಿಡಬೇಡಿ: ಒಡಿಸ್ಯೂಸ್ ಅಥೀನಾ ದೇವಿಯ ಎದುರೇ ಬೊಗಳೆ ಬಿಡುತ್ತಾನೆ, ಆಕೆ ಸಿಟ್ಟಾಗುವ ಬದಲು ಮುಗುಳ್ನಕ್ಕು ಮೈ ಸವರುತ್ತಾಳೆ. ಮರ್ಫಿಯನ್ನು ಯಾವ ಮುಖ ಹೊತ್ತು ಕೇಳಬೇಕು ಎಂಬುದು ಆಗ ತಿಳಿಯುತ್ತದೆ. ಜಾಯ್ಸ್ ತೀರಿಕೊಂಡದ್ದು 1941ರಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ, 1922ರ ಪಾಠ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.

ಒಂದು ಎಚ್ಚರಿಕೆ: ವಾಕ್ಯಗಳು ಬೇಸರ ಹುಟ್ಟಿಸುತ್ತವೆ. ಬೇಕೆಂದೇ ಹಾಗೆ ಬರೆದದ್ದು. ಜೋರಾಗಿ ಓದಿದರೆ ನಗು ಬರುತ್ತದೆ.

ಕೊನೆಗೆ ಮರ್ಫಿ ಏನಾಗುತ್ತಾನೆ?

ಏನೂ ಆಗುವುದಿಲ್ಲ. ಬ್ಲೂಮ್ ನಾಲ್ಕು ಪೆನ್ನಿ ಬಿಲ್ಲು ಕೊಟ್ಟು, ಸ್ಟೀಫನ್‌ನ ಕೈ ಹಿಡಿದು ಹೊರಡುತ್ತಾನೆ. ನಾವಿಕನೂ ಅವನ ಬಳಗವೂ ಕೂತಲ್ಲೇ ಕೂತಿರುತ್ತಾರೆ. ಅವನು ಕ್ಯಾರಿಗಲೋಗೆ ಹೋದನೇ, ಏಳು ವರ್ಷ ಕಾದ ಹೆಂಡತಿ ಇನ್ನೂ ಕಾಯುತ್ತಿದ್ದಳೇ, ತಿಳಿಯುವುದಿಲ್ಲ.

ಹೆಸರು ಮಾತ್ರ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಮುಂದಿನ ಅಧ್ಯಾಯದಲ್ಲಿ ಬ್ಲೂಮ್ ಮನೆ ಸೇರಿ, ಹಾಸಿಗೆಯಲ್ಲಿ ಮೊಲ್ಲಿಗೆ ದಿನದ ವರದಿ ಒಪ್ಪಿಸುತ್ತಾನೆ. ಮಾರ್ಥಾ ಎಂಬಾಕೆಯೊಂದಿಗಿನ ಗುಟ್ಟಿನ ಪತ್ರವ್ಯವಹಾರವನ್ನು ನುಂಗಿಕೊಳ್ಳುತ್ತಾನೆ. ನೋಡದ ನಾಟಕವೊಂದನ್ನು ಗೇಯಿಟಿ ಥಿಯೇಟರಿನಲ್ಲಿ ನೋಡಿದೆ ಎನ್ನುತ್ತಾನೆ. ಆಮೇಲೆ ಲೋವರ್ ಆಬಿ ಬೀದಿಯ ಒಂದು ಹೋಟೆಲಿಗೆ ಊಟಕ್ಕೆ ಕರೆದಿದ್ದರು ಎಂದು ಸೇರಿಸುತ್ತಾನೆ. ಹೋಟೆಲಿನ ಹೆಸರು ವಿನ್ಸ್. ಅದರ ಪಕ್ಕ ಕಂಸದಲ್ಲಿ ಜಾಯ್ಸ್ ಇನ್ನೊಂದು ಹೆಸರನ್ನೂ ಕೊಡುತ್ತಾನೆ: ಮರ್ಫೀಸ್.